ಕರಿಕೋಟಿನೊಳಗಿನ ಗಾಳಿ

"ನಿಮ್ಮ ಊರಲ್ಲಿ ಸೆಕೆಯೇ ಇಲ್ಲ ಮಾರಾಯ್ರೆ" ಅಂದರು ತರುಣ ವಕೀಲರು.

ಯುಗಾದಿ ಮುಗಿದ ವಾರ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೆರಳೂ ಇಲ್ಲ, ಮನುಷ್ಯರೂ ಇಲ್ಲ. ಅಂಥ ಹೊತ್ತಿನಲ್ಲಿ ಅಂಗಡಿ ಹತ್ತಿ ಬಂದು ಇಂಥ ಮಾತಾಡುವ ಗಿರಾಕಿಯನ್ನು ದರ್ಜಿ ಚಾಚಾ ನಲವತ್ತು ವರ್ಷದ ಕಸುಬಿನಲ್ಲಿ ಕಂಡಿರಲಿಲ್ಲ. ಕತ್ತರಿ ನಿಂತಿತು. ಕನ್ನಡಕ ಹಣೆಗೇರಿತು.

"ಸೆಕಿ ಅಂದ್ರ ಏನ್ರಿ, ವಕೀಲ್ ಸಾಬ್?"

ವಕೀಲರು ಮಂಗಳೂರು ಕಡೆಯವರು. ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಹಿರಿಯರೊಬ್ಬರ ಕೈಕೆಳಗೆ ಸೇರಿ ಮೂರು ತಿಂಗಳಾಗಿತ್ತು. ಆ ಪೀಠ 2008ರಲ್ಲಿ ಸಂಚಾರಿಯಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಚಾಚಾನ ಗೂಟದ ಮೇಲೆ ಮದುವೆ ಸೂಟುಗಳ ನಡುವೆ ಕರಿಕೋಟುಗಳು ಹೆಚ್ಚಿದ್ದೂ ಆಗಿನಿಂದಲೇ.

"ಸೆಕೆ ಅಂದ್ರೆ, ಸ್ನಾನ ಮಾಡಿ ಮೈ ಒರೆಸಿಕೊಳ್ಳುವಾಗಲೇ ಪುನಃ ಬೆವರು ಬರ್ತದಲ್ಲ, ಅದು. ನಮ್ಮಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಅಂಗಿ ಬೆನ್ನಿಗೆ ಅಂಟಿಕೊಳ್ತದೆ. ಇಲ್ಲಿ ಬಂದ ಮೇಲೆ ಒಂದು ದಿನವೂ ಅಂಗಿ ಒದ್ದೆಯಾಗ್ಲಿಲ್ಲ. ನನಗೆ ಬೆವರುವುದೇ ನಿಂತುಹೋಗಿದೆ ಅಂತ ಕಾಣ್ತದೆ."

"ಬೆವರು ನಿಂತಿಲ್ರಿ. ಆ ಕೋಟು ಜರಾ ಬಿಚ್ಚ್ರಿ ಇಲ್ಲಿ."

ಚಾಚಾ ಕೋಟನ್ನು ಮೇಜಿನ ಮೇಲೆ ಹಾಸಿ ತೋಳೆತ್ತಿದ. ಬಗಲಿನ ಸುತ್ತ, ಬೆನ್ನಿನ ನಡುವೆ, ಕರಿಬಟ್ಟೆಯ ಮೇಲೆ ಸಣ್ಣ ಬಿಳಿ ಗೆರೆಗಳು. ಒಂದರ ಹೊರಗೊಂದು, ಅಂಕುಡೊಂಕಾಗಿ, ತೆರೆ ಬಂದು ಹಿಂದೆ ಸರಿದಾಗ ಕಡಲದಂಡೆಯ ಮರಳಲ್ಲಿ ಉಳಿಯುವ ಗೆರೆಗಳಂತೆ. ಕಡಲ ಕಡೆಯ ಹುಡುಗ ಅದನ್ನು ಈ ತನಕ ಗಮನಿಸಿರಲಿಲ್ಲ.

"ಎಂತ ಇದು, ಚಾಕಿನ ಪುಡಿಯಾ?"

"ನಾಲಿಗಿ ಹಚ್ಚಿ ನೋಡ್ರಿ. ಉಪ್ಪು. ನಿಮ್ಮೂರಾಗ ಬೆವರು ಅಂಗಿಯೊಳಗ ಕುಂಡರ್ತದ, ನಮ್ಮೂರಾಗ ಹುಟ್ಟಿದ ಕೂಡ್ಲೇ ಹಾರಿ ಹೋಗ್ತದ. ಹಿಂದ ಉಪ್ಪು ಅಷ್ಟೇ ಉಳೀತದ. ನೀರು ಕುಡೀರಿ ಮೊದಲ."

ಸ್ಟೀಲ್ ಲೋಟ ಮುಂದೆ ಬಂತು.

ಒಂದೇ ರಾಜ್ಯದ ಎರಡು ಬೇಸಿಗೆಗಳು ಎಷ್ಟು ಬೇರೆ ಅನ್ನುವುದನ್ನು ಆ ಬಿಳಿ ಗೆರೆಗಳೇ ಹೇಳುತ್ತವೆ. ಮನುಷ್ಯನ ಚರ್ಮದ ಬಿಸಿ ಹೆಚ್ಚುಕಡಿಮೆ 35 ಡಿಗ್ರಿ. ಕರಾವಳಿಯ ಬೇಸಿಗೆಯ ಗಾಳಿ ಸಾಮಾನ್ಯವಾಗಿ 33-34ರ ಆಸುಪಾಸು, ಅಂದರೆ ಮೈಗಿಂತ ಕೂದಲೆಳೆಯಷ್ಟು ತಂಪೇ. ಆದರೆ ಆ ಗಾಳಿಯ ಹೊಟ್ಟೆ ಆಗಲೇ ನೀರಿನಿಂದ ತುಂಬಿದೆ. ಇನ್ನಷ್ಟು ಬೆವರನ್ನು ಎತ್ತಿಕೊಳ್ಳಲು ಅದಕ್ಕೆ ಜಾಗವಿಲ್ಲ. ಕಲಬುರಗಿಯಲ್ಲಿ ಲೆಕ್ಕ ತಲೆಕೆಳಗು. ಏಪ್ರಿಲ್-ಮೇಯಲ್ಲಿ 40 ದಾಟುವ ಒಣಗಾಳಿ ಬೆವರನ್ನು ಕಣ್ಣಿಗೆ ಕಾಣುವ ಮೊದಲೇ ಹೀರುತ್ತದೆ, ಅದೇ ಗಾಳಿ ಬರಿಮೈಗೆ ಬಡಿದರೆ ಬಿಸಿಯನ್ನೂ ತುಂಬುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಆವಿಯಾಗದೆ ತೊಟ್ಟಿಕ್ಕಿದ ಬೆವರಿನಿಂದ ಏನೂ ಸಿಗುವುದಿಲ್ಲ. ಅಂಗಿ ಒಗೆಯುವ ಕೆಲಸವೊಂದು ಹೆಚ್ಚು, ಅಷ್ಟೆ.

"ಹಾಗಾದ್ರೆ ಇಲ್ಲಿ ಮೈ ಮುಚ್ಚಬೇಕು, ಅಲ್ಲಿ ಬಿಡಬೇಕು" ಅಂದರು ವಕೀಲರು ಲೋಟ ಕೆಳಗಿಟ್ಟು. "ನಮ್ಮಲ್ಲಿ ತೋಟದ ಕೆಲಸದವರು ಬರಿಮೈಯಲ್ಲೇ ಇರ್ತಾರೆ. ಸೊಂಟಕ್ಕೊಂದು ಬೈರಾಸು, ತಲೆಗೊಂದು ಮುಟ್ಟಾಳೆ. ಅಷ್ಟೇ."

"ನಮ್ಮ ಹೊಲದಾಗ ಹಂಗ ನಿಂತ್ರ ಸಂಜಿಗಿ ದವಾಖಾನಿಗಿ ಹೊತ್ತೊಯ್ಬೇಕಾಗ್ತದ. ಇಲ್ಲಿ ನೋಡ್ರಿ, ತಲಿಗಿ ರುಮಾಲು, ತುಂಬುದೋಳಿನ ಅಂಗಿ, ಕೆಳಗ ಧೋತರ. ಎಲ್ಲಾ ಮುಚ್ಚ್ಯಾದ, ಆದ್ರ ಯಾವುದೂ ಮೈಗಿ ಹತ್ತಿಲ್ಲ. ಆ ಸಂದಿಯೊಳಗ ಗಾಳಿ ಆಡ್ತದ."

ವಕೀಲರು ಬಂದದ್ದು ಹೊಸ ಕೋಟಿಗೆ ಅಳತೆ ಕೊಡಲು. ಬೇಡಿಕೆಯನ್ನು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡು ಬಂದಿದ್ದರು: ತೆಳ್ಳಗಿನ ಬಟ್ಟೆ, ಮೈಗೆ ಕೂತಂಥ ಸ್ಲಿಮ್ ಫಿಟ್, ಒಳಗೆ ಹೊಳೆಯುವ ಅಸ್ತರ. ಚಾಚಾ ಮೂರನ್ನೂ ಕೇಳಿ ಮೂರಕ್ಕೂ ತಲೆ ಆಡಿಸಿದ. ಆಡಿಸಿದ ರೀತಿ ಒಪ್ಪಿಗೆಯದಲ್ಲ.

"ನಿಮ್ಮ ಅಂಗಿ ಯಾವ ಬಟ್ಟೀದ್ರಿ?"

"ಪ್ಯೂರ್ ಕಾಟನ್ ಅಂತ ಹೇಳಿ ಕೊಟ್ಟಿದ್ದಾರೆ. ಇಸ್ತ್ರಿಯೂ ಬೇಡ, ಒಗೆದು ಹಾಕಿದರೆ ಆಯ್ತು."

"ಇಸ್ತ್ರಿ ಬ್ಯಾಡಂದ್ರ ನನಗ ಸಂಶೇ ಬರ್ತದ್ರಿ."

ಅಂಗಿಯ ಕೆಳಅಂಚಿನ ಒಳಮಡಿಕೆಯಿಂದ ಒಂದೆಳೆ ದಾರ ಹಿರಿದು, ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿದ. ಎಳೆ ಉರಿಯುವ ಮೊದಲು ಮುದುರಿತು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕರಿಗುಂಡು ಕಟ್ಟಿತು. ಆರಿದ ಮೇಲೆ ಉಗುರಲ್ಲಿ ಒತ್ತಿದರೂ ಒಡೆಯಲಿಲ್ಲ. ಆಮೇಲೆ ತನ್ನ ಹೆಗಲ ಮೇಲಿನ ಹಳೇ ದಸ್ತಿಯಿಂದ ಇನ್ನೊಂದೆಳೆ ತೆಗೆದು ಸುಟ್ಟ. ಅದು ಕಾಗದದಂತೆ ಭಗ್ ಎಂದು ಉರಿದು, ಊದಿದರೆ ಹಾರುವಂಥ ಬೂದಿಯಾಯಿತು. ಕಾಗದ ಸುಟ್ಟ ವಾಸನೆ.

"ಬೂದಿ ಆದದ್ದು ಹತ್ತಿ. ಗುಂಡು ಆದದ್ದು ಪಾಲಿಸ್ಟರ್. ನಿಮ್ಮದು ಮಿಕ್ಸ್ ಅದ."

ವಕೀಲರು ತಮ್ಮ ಅಂಗಿಯನ್ನೇ ಅಪರಿಚಿತನಂತೆ ನೋಡಿಕೊಂಡರು.

ಪಾಲಿಯೆಸ್ಟರ್ ಮೇಲೆ ಇಷ್ಟು ಅನುಮಾನ ಯಾಕೆ ಅನ್ನುವುದಕ್ಕೆ ಲೆಕ್ಕವಿದೆ. ಸಾಧಾರಣ ತೇವವಿರುವ ಕೋಣೆಯಲ್ಲಿ ನೂರು ಗ್ರಾಂ ಒಣ ಹತ್ತಿಯನ್ನಿಟ್ಟರೆ ಗಾಳಿಯಿಂದಲೇ ಏಳೆಂಟು ಗ್ರಾಂ ನೀರು ಹೀರುತ್ತದೆ. ನಾರಗಸೆಯ ಲಿನನ್ ಇನ್ನೂ ಹೆಚ್ಚು, ಹನ್ನೆರಡರ ಹತ್ತಿರ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಹಾಗಂತ ಅದು ಎಲ್ಲೆಡೆಯೂ ಕೆಟ್ಟದ್ದಲ್ಲ. ಆಟಗಾರರ ಜೆರ್ಸಿಗಳಲ್ಲಿ ಅದನ್ನೇ ಬಲೆಬಲೆಯಾಗಿ ಹೆಣೆದು, ಬೆವರು ಎಳೆಗಳ ಸಂದಿನಲ್ಲಿ ಹರಡಿ ಬೇಗ ಆರುವಂತೆ ಮಾಡುತ್ತಾರೆ. ತೊಂದರೆ ಇರುವುದು ಒತ್ತಾಗಿ ನೇಯ್ದ ಶರ್ಟಿನ ಬಟ್ಟೆಯಲ್ಲಿ. ಅಲ್ಲಿ ಬೆವರನ್ನು ಎಳೆಯೂ ಕುಡಿಯದು, ಸಂದಿಯೂ ಬಿಡದು.

"ನಾ ಕೆಲಸ ಕಲೀಲಿಕ್ಕ ಕುಂತಾಗ ಟೆರಿಕಾಟಿನ ಕಾಲ" ಅಂದ ಚಾಚಾ. "ಮದುಮಗಗ ಟೆರಿಲಿನ್ ಅಂಗಿ ಕೊಟ್ಟಿಲ್ಲಂದ್ರ ಬೀಗರು ಸಿಟ್ಟಾಗ್ತಿದ್ರು. ಮೇ ತಿಂಗಳ ಲಗ್ನ, ಮ್ಯಾಲ ಸಫಾರಿ ಸೂಟು. ಮದುಮಗ ಅಕ್ಷತಿ ಬೀಳೋದರೊಳಗ ಬೆಂದು ಹೋಗ್ತಿದ್ದ. ಫೋಟೋದಾಗ ಮಾತ್ರ ಒಂದು ಸುಕ್ಕಿಲ್ಲ!"

"ಹತ್ತಿ, ಲಿನನ್ ಆದ್ರೆ ಸುಕ್ಕಾಗ್ತದಲ್ಲ. ನ್ಯಾಯಮೂರ್ತಿಗಳ ಮುಂದೆ ಮುದುಡಿದ ಅಂಗಿಯಲ್ಲಿ ನಿಲ್ಲುವುದು ಹೇಗೆ? ಸಿಎಸ್‌ಐಆರ್‌ನ ವಿಜ್ಞಾನಿಗಳಾದರೆ ಬದುಕಿದರು. ವಿದ್ಯುತ್ ಉಳಿಸಲು ಸೋಮವಾರ ಇಸ್ತ್ರಿ ಮಾಡದ ಬಟ್ಟೆಯಲ್ಲೇ ಬನ್ನಿ ಅಂತ ಅವರಿಗೆ 2024ರಲ್ಲಿ ಹೇಳಿದ್ರು."

"ಕೋಟಿನ ಕೆಳಗ ಅಂಗಿ ಎಷ್ಟು ಕಾಣ್ತದ್ರಿ? ಕಾಲರು, ಎದಿ ಗೇಣಷ್ಟು, ಮುಂಗೈ ಎರಡು ಬೊಟ್ಟು. ಅಷ್ಟಕ್ಕ ಇಸ್ತ್ರಿ ಮಾಡ್ರಿ. ಬೆನ್ನು ಸುಕ್ಕಾದ್ರ ಯಾರಿಗಿ ಗೊತ್ತಾಗ್ತದ?"

ಈ ಉಪಾಯಕ್ಕೆ ನಕ್ಕ ದನಿ ಬಾಗಿಲಿಂದ ಬಂತು. ಹಿರಿಯ ವಕೀಲೆಯೊಬ್ಬರು ಛತ್ರಿ ಮಡಚುತ್ತ ಒಳಬಂದರು. ಬಿಳಿ ನೂಲಿನ ಸೀರೆ, ಸಣ್ಣ ಬೂದು ಅಂಚು, ಕಿವಿ ಮುಚ್ಚುವಂತೆ ತಲೆಗೆ ಸೆರಗು. ಕೋಟು ಮೈಮೇಲಿಲ್ಲ, ಕೈಚೀಲದಲ್ಲಿ.

"ಬರ್ರಿ ಮೇಡಂ. ತೋಳು ಸಡ್ಲ ಮಾಡೀನಿ."

"ಅದನ್ನ ಆಮ್ಯಾಲ ನೋಡೂಣು. ಈ ತಮ್ಮಗ ಏನು ಪಾಠ ನಡದದ?"

ತಮ್ಮನ ಸಂಕಟ ಕೇಳಿ ಅವರು ಕುರ್ಚಿ ಎಳೆದುಕೊಂಡರು. "ನಾ ರಸ್ತೆ ಮ್ಯಾಲ ಕೋಟು ಹಾಕೋದೇ ಇಲ್ಲ. ಕೋರ್ಟ್ ಹಾಲಿನ ಬಾಗಿಲಿಗಿ ಹಾಕ್ಕೋತೀನಿ, ಹೊರಗ ಬಂದ ಮ್ಯಾಲ ತಗೀತೀನಿ. ನೀವು ಹುಡುಗರು ಬೈಕಿನ ಮ್ಯಾಲೂ ಕೋಟು ಹಾಕ್ಕೊಂಡೇ ತಿರಗ್ತೀರಿ, ವಕೀಲ ಅಂತ ಊರಿಗೆಲ್ಲಾ ಗೊತ್ತಾಗಲಿ ಅಂತ."

ವಕೀಲರ ಕಿವಿ ಕೆಂಪಾಯಿತು. ಬಿಸಿಲಿಗಿರಬಹುದು.

"ಬೇಸಿಗೆಯಲ್ಲಿ ಕೋಟು ಕಡ್ಡಾಯ ಅಲ್ಲ ಅಂತ ಉಂಟಲ್ಲ ಮೇಡಂ?"

"ಅದ. ಬಾರ್ ಕೌನ್ಸಿಲ್ ನಿಯಮದಾಗೇ ಅದ. ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು ಉಳಿದ ಕಡಿ ಬ್ಯಾಸಗ್ಯಾಗ ಕರಿಕೋಟು ಕಡ್ಡಾಯ ಇಲ್ಲ. ನೀ ದುಡಿಯೋದೇ ಹೈಕೋರ್ಟ್ನಾಗ, ನಿನಗ ಬಿಡುಗಡಿ ಇಲ್ಲ. ಆದ್ರ ನಿಯಮ ಪೂರ್ತಿ ಓದೀಯೇನು?"

ಓದಿರಲಿಲ್ಲ. ಎಷ್ಟು ವಕೀಲರು ಓದಿದ್ದಾರು? ಫೋನ್ ತೆಗೆದು ಅಲ್ಲೇ ಹುಡುಕಿದರು. ಓದುತ್ತ ಹೋದಂತೆ ಮುಖ ಅರಳಿತು. ತೆರೆದೆದೆಯ ಕರಿಕೋಟು, ಬಿಳಿ ಶರ್ಟು, ಬಿಳಿ ಕಾಲರ್, ಬ್ಯಾಂಡ್ ಅನ್ನುವುದು ಒಂದು ಆಯ್ಕೆ ಮಾತ್ರ. ಇನ್ನೊಂದು ಆಯ್ಕೆ ಗುಂಡಿ ಮುಚ್ಚಿದ ಕರಿಕೋಟು, ಚಪಕನ್, ಅಚಕನ್ ಅಥವಾ ಕರಿ ಶೇರ್ವಾನಿ. ಕೆಳಗೆ ಬಿಳಿ, ಕಪ್ಪು, ಪಟ್ಟೆ ಅಥವಾ ಬೂದು ಪ್ಯಾಂಟು. ಇಲ್ಲವೇ ಧೋತಿ. ಜೀನ್ಸ್ ಮಾತ್ರ ಕೂಡದು.

"ಧೋತಿ ಆಗ್ತದೆ!"

"ನನ್ನ ಹೊಟ್ಟಿಮ್ಯಾಲ ಹೊಡೀಬ್ಯಾಡ್ರಿ ವಕೀಲ್ ಸಾಬ್" ಅಂದ ಚಾಚಾ. "ಧೋತರಕ್ಕ ಹೊಲಿಗಿನೇ ಇಲ್ಲ. ಶೇರ್ವಾನಿ ಅಂದ್ರ ಹೇಳ್ರಿ. ನಮ್ಮ ಅಬ್ಬಾ ನಿಜಾಮರ ಕಾಲದಾಗ ಇಲ್ಲಿ ಕಚೇರಿ ಮಂದಿಗಿ ಹೊಲೀತಿದ್ರು. ಆವಾಗ ಇದು ಹೈದರಾಬಾದ್ ಸಂಸ್ಥಾನ ನೋಡ್ರಿ. ಶೇರ್ವಾನಿ ಹಾಕಿದ್ರ ಒಳಗ ಕಾಲರಿನ ಅಂಗಿ ಬೇಕಾಗಂಗಿಲ್ಲ. ಒಂದು ತೆಳು ಮಲ್ಲಿನ ಬನೀನು ಸಾಕು. ಒಂದು ಪದರ ಕಮ್ಮಿ ಆತು."

"ಆದ್ರೆ ಕುತ್ತಿಗೆಯವರೆಗೆ ಗುಂಡಿ ಹಾಕಿದ್ರೆ ಒಳಗಿನ ಬಿಸಿಗಾಳಿ ಎಲ್ಲಿ ಹೋಗ್ತದೆ? ಅದು ಮೇಲಕ್ಕೆ ಏರುವುದಲ್ವಾ?"

ಚಾಚಾ ಒಂದು ಕ್ಷಣ ಸುಮ್ಮನಾದ. ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದ. ಸಡಿಲ ಬಟ್ಟೆ ಹೊಗೆಗೂಡಿನಂತೆ. ಕೆಳಗಿಂದ ಗಾಳಿ ಒಳಗೆ ಬರಬೇಕು, ಬೆಚ್ಚಗಾದದ್ದು ಕೊರಳ ಬಳಿ ಹೊರಗೆ ಹೋಗಬೇಕು. ಕೊರಳು ಕಟ್ಟಿದರೆ ಹೊಗೆಗೂಡಿನ ಬಾಯಿಗೆ ಮುಚ್ಚಳ ಹಾಕಿದ ಹಾಗೆ. ಒಂದು ಪದರ ಉಳಿಸಿದ್ದು ಲಾಭ, ಕೊರಳು ಮುಚ್ಚಿದ್ದು ನಷ್ಟ. ಯಾವುದು ಹೆಚ್ಚು ತೂಗುತ್ತದೆ ಅನ್ನುವುದನ್ನು ಮೂವರೂ ಕೂಡಿ ತೀರ್ಮಾನಿಸಲಾಗಲಿಲ್ಲ. ಕಡೆಗೆ ತರುಣ ವಕೀಲರು ತೆರೆದ ಕೊರಳಿಗೇ ಸೈ ಎಂದರು. ಶೇರ್ವಾನಿಯಲ್ಲಿ ಹೋದರೆ ಬಾರ್ ರೂಮಿನಲ್ಲಿ ಮದುವೆ ಯಾವಾಗ ಎಂದು ಕೇಳಿಯಾರೆಂಬ ಭಯವೂ ಇತ್ತೆನ್ನಿ.

"ಬಣ್ಣವೇ ಕಪ್ಪು. ಇನ್ನೆಂತ ಮಾಡಿದ್ರೂ ಅಷ್ಟೇ ಅಲ್ವಾ?"

ಅಷ್ಟೇ ಅಲ್ಲ. ಈ ಪ್ರಶ್ನೆಯನ್ನು ಹಿಂದೆಯೇ ಕೆಲವರು ಮರುಭೂಮಿಗೆ ಒಯ್ದಿದ್ದರು. ಬೆದುಯಿನ್ ಜನ ಉರಿಬಿಸಿಲಲ್ಲಿ ಕಪ್ಪು ನಿಲುವಂಗಿ ತೊಡುವುದೇಕೆ ಎಂದು ಅಳೆದು ನೋಡಿದ ಪ್ರಯೋಗವೊಂದು 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕಪ್ಪು ನಿಲುವಂಗಿಯ ಬಟ್ಟೆ ಬಿಳಿಯದಕ್ಕಿಂತ ಹೆಚ್ಚು ಕಾಯುತ್ತದೆ, ಅದು ನಿಜ. ಆದರೆ ಆ ಹೆಚ್ಚುವರಿ ಬಿಸಿ ಚರ್ಮ ಮುಟ್ಟುವ ಮೊದಲೇ ನಡುವಿನ ಗಾಳಿಯೊಡನೆ ಹೊರಟುಹೋಗುತ್ತದೆ. ಒಳಗಿನ ಮನುಷ್ಯನಿಗೆ ತಗಲುವ ಶಾಖ ಎರಡರಲ್ಲೂ ಒಂದೇ. ಇದನ್ನು ಕರಿಬಣ್ಣಕ್ಕೆ ಸಿಕ್ಕ ಪ್ರಮಾಣಪತ್ರ ಎಂದು ಓದುವವರಿದ್ದಾರೆ, ತಪ್ಪು. ನಿಲುವಂಗಿ ಸಡಿಲ ಎಂಬ ಕಾರಣಕ್ಕೆ ಮಾತ್ರ ಬಣ್ಣ ಲೆಕ್ಕಕ್ಕೆ ಬರಲಿಲ್ಲ. ಅದೇ ಬಟ್ಟೆ ಬೆನ್ನಿಗೆ ಅಂಟಿದ್ದರೆ ಕಪ್ಪಿನ ಬಿಸಿಯೆಲ್ಲ ನೇರ ಬೆನ್ನಿಗೇ. ಹೀಗೆ ನೋಡಿದರೆ ವಕೀಲರು ಬೈಯುವ ಗೌನು ಪಾಪದ್ದು, ಅದು ಜೋತಾಡುತ್ತದೆ. ಸುಡುವುದು ಅದರ ಕೆಳಗಿನ ಬಿಗಿ ಕೋಟು.

ಮೇಡಂ ಇದನ್ನು ಬೇರೆ ದಾರಿಯಿಂದ ಹೇಳಿದರು. "ನಮ್ಮ ಹೆಣ್ಮಕ್ಕಳದು ಸುಲಭ ಅಂತೀರಿ. ಸೀರಿ ಗಾಳಿ ಆಡ್ತದ, ಖರೇ. ಆದ್ರ ಜಂಪರ್? ಅದಕ್ಕ ಅಸ್ತರ, ಕೆಳಗ ಸಿಂಥೆಟಿಕ್ ಲಂಗ. ಮ್ಯಾಲ ಇಳಕಲ್ಲಿನ ನೂಲಿನ ಸೀರಿ ಉಟ್ಟು ಒಳಗ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಂಗ. ನಾ ಲಂಗ ಪಾಪ್ಲಿನ್ದೇ ಉಡೋದು."

"ನನ್ನ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದರು" ಅಂದರು ವಕೀಲರು. "ಅವರದು ಉಡುಪಿ ಸೀರೆ. ಸಾದಾ ನೇಯ್ಗೆ, ಹಗುರ, ಒಗೆದು ಹಾಕಿದರೆ ಗಂಟೆಯಲ್ಲಿ ಒಣಗ್ತಿತ್ತು. ಸೆಕೆಗೆ ಅದೇ ಆಗಬೇಕು ಅಂತಿದ್ರು. ನೇಯುವವರೇ ಇಲ್ಲದೆ ನಿಂತುಹೋಗ್ತಿತ್ತು, ಈಗ ಕಿನ್ನಿಗೋಳಿ ಹತ್ತಿರ ತಾಳಿಪಾಡಿಯಲ್ಲಿ ಪುನಃ ನೇಯ್ತಾರೆ. 2016ರಲ್ಲಿ ಜಿಐ ಗುರುತೂ ಸಿಕ್ಕಿದೆ."

ಮಾತು ಅಲ್ಲಿಂದ ಜಪಾನಿಗೆ ಜಿಗಿಯಿತು. ತರುಣರ ಓದು ಹಾಗೆ, ಎಲ್ಲಿಂದೆಲ್ಲಿಗೋ. ಅಲ್ಲಿ 2005ರ ಬೇಸಿಗೆಯಲ್ಲಿ ಸರ್ಕಾರವೇ 'ಕೂಲ್ ಬಿಜ್' ಎಂಬ ಅಭಿಯಾನ ಶುರು ಮಾಡಿತು. ಕಚೇರಿಗಳ ಏಸಿ 28 ಡಿಗ್ರಿಗೆ, ನೌಕರರು ಟೈ-ಕೋಟು ಬಿಟ್ಟು ಬರಬೇಕು. ಪ್ರಧಾನಿ ಕೊಯಿಜುಮಿ ತಾವೇ ಒಕಿನಾವಾದ ಸಡಿಲ ಅಂಗಿ ತೊಟ್ಟು ಕಾಣಿಸಿಕೊಂಡರು. ನಮ್ಮಲ್ಲೂ 2010ರ ಏಪ್ರಿಲ್‌ನಲ್ಲಿ ಭೋಪಾಲದ ಘಟಿಕೋತ್ಸವವೊಂದರಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ವೇದಿಕೆಯ ಮೇಲೇ ಗೌನು ಕಳಚಿ, ಇದು ವಸಾಹತುಕಾಲದ ಪಳೆಯುಳಿಕೆ ಎಂದುಬಿಟ್ಟರು.

"ಮಂತ್ರಿ ಬಿಚ್ಚಿದ್ರ ಪೇಪರಿನ್ಯಾಗ ಬರ್ತದ" ಅಂದರು ಮೇಡಂ. "ಜೂನಿಯರ್ ಬಿಚ್ಚಿದ್ರ ಕೇಸು ಪಾಸೋವರ್ ಆಗ್ತದ. ನೀ ಕೋಟು ಹೊಲಿಸ್ಕೋ."

ಚಾಚಾ ಈ ಹೊತ್ತಿಗೆ ಹಳೇ ಕೋಟನ್ನು ಒಳಮಗ್ಗಲು ಮಾಡಿ ಹಾಸಿದ್ದ. ತಪ್ಪು ಎಲ್ಲಿದೆ ಅನ್ನುವುದು ಈಗ ಬೆರಳಿಗೇ ಸಿಕ್ಕಿತು. ಹೊರಬಟ್ಟೆ ಪಾಲಿಯೆಸ್ಟರ್ ಮಿಶ್ರಣ. ಅದರ ಒಳಮೈಗೆ ಎದೆಯ ಉದ್ದಕ್ಕೂ ಬಿಸಿ ಮಾಡಿ ಅಂಟಿಸಿದ ಫ್ಯೂಸಿಂಗ್. ಅದರ ಒಳಗೆ ಕುತ್ತಿಗೆಯಿಂದ ಅಂಚಿನತನಕ ಜಾರುವ ಪಾಲಿಯೆಸ್ಟರ್ ಅಸ್ತರ. ಹೆಗಲಲ್ಲಿ ಸ್ಪಂಜಿನ ಪ್ಯಾಡು. ತೂಕಕ್ಕೆ ಹಗುರವೇ, ಆದರೆ ಬೆನ್ನಿನ ಬಟ್ಟೆಗೆ ಬಾಯಿಟ್ಟು ಊದಿದರೆ ಆಚೆ ಬದಿ ಹಿಡಿದ ಅಂಗೈಗೆ ಉಸಿರು ತಾಗಲಿಲ್ಲ. ಚಾಚಾ ಕಪಾಟಿನಿಂದ ಇನ್ನೊಂದು ಕರಿಬಟ್ಟೆಯ ತುಂಡು ತೆಗೆದು ಅದೇ ರೀತಿ ಊದಿಸಿದ. ಅಂಗೈ ಬೆಚ್ಚಗಾಯಿತು.

"ಇದು ಕಾಟನ್ನಾ?"

"ಉಣ್ಣಿ."

"ಉಣ್ಣೆಯಾ! ಕಲಬುರಗಿಯಲ್ಲಿ?"

"ಚಳಿಗಾಲದ ಉಣ್ಣಿ ಅಲ್ರಿ. ಸಣ್ಣ ನೂಲು, ತೆರಪಾಗಿ ನೇಯ್ದದ್ದು. ಬೆಳಕಿಗಿ ಹಿಡೀರಿ, ಜಾಳಿಗಿ ಕಾಣ್ತದ. ಬೆವರು ಕುಡೀತದ, ಬಿಡ್ತದ, ಸುಕ್ಕೂ ಬೀಳಂಗಿಲ್ಲ. ಕಾಟನ್ ಕೋಟು ಬ್ಯಾಡ ಅನ್ನೋದಿಲ್ಲ, ಆದ್ರ ನಾಕು ಸಲ ಒಗದ್ರ ಕರಿ ಹೋಗಿ ಬೂದಿ ಆಗ್ತದ. ರೇಟು ಜಾಸ್ತಿ, ಮೊದಲೇ ಹೇಳ್ತೀನಿ."

ಆಮೇಲೆ ಅಳತೆ. ಈ ಭಾಗದಲ್ಲಿ ಚಾಚಾ ಗಿರಾಕಿಯ ಮಾತು ಕೇಳುವವನಲ್ಲ. ಟೇಪು ಎದೆಯ ಸುತ್ತ ಬಂತು, ವಕೀಲರು ಉಸಿರೆಳೆದು ಹೊಟ್ಟೆ ಒಳಗೆ ಹಾಕಿದರು, ಚಾಚಾ ಅವರು ಉಸಿರು ಬಿಡುವತನಕ ಕಾದ. ಬಂದ ಅಂಕಿಗೆ ನಾಲ್ಕು ಇಂಚು ಸೇರಿಸಿ ಬರೆದುಕೊಂಡ. ಅಸ್ತರ ಹೆಗಲಿಗೆ ಮತ್ತು ತೋಳಿಗೆ ಮಾತ್ರ, ತೋಳು ಸಲೀಸಾಗಿ ಜಾರಲಿ ಅಂತ. ಬೆನ್ನು ಬರಿದು. ಎರಡೂ ಪಕ್ಕಕ್ಕೆ ಸೀಳು. ಬಗಲು ಒಂದಿಂಚು ಇಳಿಸಿ.

"ಇಷ್ಟು ಸಡಿಲವಾದ್ರೆ ಅಪ್ಪನ ಕೋಟು ಹಾಕಿದ ಹಾಗೆ ಕಾಣುವುದಿಲ್ವಾ?"

"ಹೆಗಲು ಬರಾಬರಿ ಕುಂತ್ರ ಆತ್ರಿ. ಮಂದಿ ಕಣ್ಣು ಮೊದಲ ಹೆಗಲಿಗಿ ಹೋಗ್ತದ. ಹೆಗಲು ಸರಿ ಇದ್ದು ಕೆಳಗ ಸಡ್ಲ ಇದ್ರ ಸ್ಟೈಲು. ಹೆಗಲು ಜಾರಿ ಕೆಳಗ ಬಿಗಿ ಇದ್ರ ಬಾಡಿಗಿ ಕೋಟು."

ಮೇಡಂ ಜೋರಾಗಿ ನಕ್ಕರು. ತಮ್ಮ ಕೋಟಿನ ತೋಳು ಹಾಕಿ ನೋಡಿ, ದುಡ್ಡು ಎಣಿಸಿಟ್ಟು, ತಲೆಗೆ ಸೆರಗು ಸರಿಮಾಡಿಕೊಂಡು ಛತ್ರಿ ಬಿಚ್ಚಿದರು. ಹೋಗುತ್ತ ತರುಣರತ್ತ ತಿರುಗಿ, "ಯಾವಾಗ ಕೊಡ್ತಾನ ಅಂತ ಕೇಳ್ಕೋ ತಮ್ಮಾ" ಅಂದರು.

"ಯಾವಾಗ ಕೊಡ್ತೀರಿ ಚಾಚಾ?"

ಚಾಚಾ ಗೋಡೆಯ ಕ್ಯಾಲೆಂಡರ್ ನೋಡಿದ. ಲಗ್ನದ ದಿನಗಳ ಮೇಲೆಲ್ಲ ಪೆನ್ಸಿಲಿನ ಸುತ್ತು. ಗೂಟದ ಮೇಲೆ ಹನ್ನೊಂದು ಸೂಟು.

"ಏಪ್ರಿಲ್ ಕಡೀ ವಾರ."

"ಆಗ ಹೈಕೋರ್ಟಿಗೆ ಬೇಸಿಗೆ ರಜೆ ಶುರುವಾಗ್ತದೆ!"

"ಅಂದ್ರ ಅವಸರ ಇಲ್ಲಂದಂಗಾತು."

ವಕೀಲರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಚಾಚಾ ಹಳೇ ಕೋಟಿನ ಬೆನ್ನಿನ ಅಸ್ತರ ಕೂಡುವ ಹೊಲಿಗೆಗೆ ಸಣ್ಣ ಕತ್ತರಿಯ ತುದಿ ಹಾಕಿ ಆಗಿತ್ತು. ಚಟ್, ಚಟ್ ಎಂದು ಎಳೆ ಒಂದೊಂದೇ ಕಡಿಯಿತು. ಹೊಳೆಯುವ ಅಸ್ತರ ಕೋಟಿನಿಂದ ಮೆಲ್ಲಗೆ ಬಿಟ್ಟುಕೊಂಡು ಮೇಜಿನ ಆಚೆ ಜಾರಿತು.

"ಇದನ್ನ ನಾಳಿ ಮುಂಜಾನಿ ಒಯ್ಯಿರಿ. ಹೊಸಾದು ಬರೂತನಕ ಇದರಾಗೇ ನಡಸ್ರಿ. ಆ ದಸ್ತಿ ತಲಿಗಿ ಕಟ್ಕೋರಿ, ನೀರಾಗ ಅದ್ದಿ."